ತಪ್ಪು ಟಂಕಸಾಲೆಯದೋ, ಸುತ್ತಿಗೆಯದೋ?

ಚಿಲ್ಲರೆ ಡಬ್ಬಿಯನ್ನು ನೆಲಕ್ಕೆ ಸುರುವಿಕೊಂಡು ಒಂದೊಂದೇ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡುವವರ ಕಣ್ಣಿಗೆ ಮೊದಲು ಬೀಳುವ ‘ದೋಷ’ ಸಾಮಾನ್ಯವಾಗಿ ಒಂದೇ. ಮಿಕ್ಕ ನಾಣ್ಯಗಳಲ್ಲಿ ಇಸವಿಯ ಕೆಳಗೆ ಚುಕ್ಕೆಯೋ ನಕ್ಷತ್ರವೋ ವಜ್ರದ ಆಕಾರವೋ ಇದೆ. ಇದರಲ್ಲಿ ಮಾತ್ರ ಏನೂ ಇಲ್ಲ. ಅಚ್ಚು ಒತ್ತುವಾಗ ಬಿಟ್ಟುಹೋಗಿದೆ, ಇಂಥದಕ್ಕೆ ಲಕ್ಷಗಟ್ಟಲೆ ಕೊಡುತ್ತಾರಂತೆ ಎಂದು ಮನೆಯವರೆಲ್ಲ ಸುತ್ತ ಸೇರುತ್ತಾರೆ. ಬಿಟ್ಟುಹೋದದ್ದು ಏನೂ ಇಲ್ಲ. ಕೋಲ್ಕತ್ತದ ಟಂಕಸಾಲೆ ತನ್ನ ನಾಣ್ಯಗಳಿಗೆ ಗುರುತು ಹಾಕುವುದೇ ಇಲ್ಲ. ಚುಕ್ಕೆಯಿದ್ದರೆ ನೊಯ್ಡಾ, ನಕ್ಷತ್ರವಿದ್ದರೆ ಹೈದರಾಬಾದ್, ವಜ್ರವಿದ್ದರೆ ಮುಂಬೈ. ನಮ್ಮ ನಾಣ್ಯಗಳು ಇಂದು ಹುಟ್ಟುವುದು ಈ ನಾಲ್ಕೇ ಕಡೆ. ಮೈಸೂರಿನಲ್ಲಿ ಅಚ್ಚಾಗುವುದು ನೋಟು, ನಾಣ್ಯವಲ್ಲ.

ಇದರ ಬೆನ್ನಿಗೇ ಇನ್ನೊಂದು ಗೊಂದಲ ಬರುತ್ತದೆ. 1985ರ ಒಂದು ರೂಪಾಯಿಯ ಮೇಲೆ ಇಂಗ್ಲಿಷಿನ ‘ಎಚ್’ ಅಕ್ಷರ, ತೊಂಬತ್ತರ ದಶಕದ ಕೊನೆಯ ಕೆಲವು ನಾಣ್ಯಗಳಲ್ಲಿ ‘ಎಂ’ ಅಕ್ಷರ ಮತ್ತು ಅದರ ನೆತ್ತಿಯಲ್ಲೊಂದು ಪುಟ್ಟ ಸೊನ್ನೆ, ಕೆಲವು ಐದು ರೂಪಾಯಿಗಳಲ್ಲಿ ರಷ್ಯನ್ ಲಿಪಿಯ ಮೂರಕ್ಷರ. ಇವೂ ತಪ್ಪುಗಳಲ್ಲ. ಚಿಲ್ಲರೆಯ ಬೇಡಿಕೆಯನ್ನು ಪೂರೈಸಲಾಗದೆ ಸರ್ಕಾರ ಹೊರದೇಶಗಳ ಟಂಕಸಾಲೆಗಳಿಂದ ನಾಣ್ಯ ಒತ್ತಿಸಿ ತಂದ ಕಾಲದ ಗುರುತುಗಳಿವು. ‘ಎಚ್’ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು, ಸೊನ್ನೆ ಹೊತ್ತ ‘ಎಂ’ ಮೆಕ್ಸಿಕೋದ್ದು, ರಷ್ಯನ್ ಅಕ್ಷರಗಳು ಮಾಸ್ಕೋದವು. ಸಂಗ್ರಹಕ್ಕೆ ಸೊಗಸಾದ ನಾಣ್ಯಗಳೇ, ಆದರೆ ಉದ್ದೇಶಪೂರ್ವಕವಾಗಿ ಹಾಗೆ ಮಾಡಿದವು.

ಹಾಗಾದರೆ ದೋಷವೆಂದರೆ ಯಾವುದು? ನಾಣ್ಯ ತಯಾರಾಗುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆದು ಬಂದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಲೋಹವನ್ನು ಉದ್ದನೆಯ ಪಟ್ಟಿಯಾಗಿ ತಟ್ಟಿ, ಅದರಿಂದ ದುಂಡಗಿನ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಗಳನ್ನು ಕಾಯಿಸಿ ಮೆದುಗೊಳಿಸಿ, ಅಂಚನ್ನು ಒತ್ತಿ ತುಸು ಏರಿಸುತ್ತಾರೆ. ಆಮೇಲೆ ಪ್ರತಿಯೊಂದು ಬಿಲ್ಲೆಯೂ ಎರಡು ಉಕ್ಕಿನ ಅಚ್ಚುಗಳ ನಡುವೆ ಬಂದು ಕೂರುತ್ತದೆ. ಸುತ್ತ ಒಂದು ಉಕ್ಕಿನ ಬಳೆ ಅದನ್ನು ಹರಡದಂತೆ ಹಿಡಿದಿರುತ್ತದೆ. ಈ ಬಳೆಗೆ ಸಂಗ್ರಾಹಕರು ಹೇಳುವುದು ಕಾಲರ್ ಎಂದು. ಒಂದು ಏಟು. ಎರಡು ಮುಖವೂ ಅಂಚೂ ಒಟ್ಟಿಗೇ ಮೂಡುತ್ತವೆ. ತಪ್ಪು ನಡೆಯುವುದಿದ್ದರೆ ಬಿಲ್ಲೆಯಲ್ಲಿ ನಡೆಯಬೇಕು, ಅಚ್ಚಿನಲ್ಲಿ ನಡೆಯಬೇಕು, ಇಲ್ಲವೇ ಏಟಿನಲ್ಲಿ ನಡೆಯಬೇಕು. ಕೈಯಲ್ಲಿರುವ ನಾಣ್ಯದ ವಿಚಿತ್ರ ಈ ಮೂರರಲ್ಲಿ ಯಾವ ಹಂತದಲ್ಲಿ ಹುಟ್ಟಿತು ಎಂದು ಹೇಳಲು ಬಂದರೆ ಅದು ಟಂಕಸಾಲೆಯ ದೋಷ. ಹೇಳಲು ಬರದಿದ್ದರೆ, ನಾಣ್ಯ ಹೊರಬಂದ ಮೇಲೆ ಯಾರೋ ಮಾಡಿದ ಗಾಯವೆಂದೇ ಹಿಡಿಯಬೇಕು. ನಾಣ್ಯದ ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ.

ಬಿಲ್ಲೆಯಿಂದಲೇ ಶುರುಮಾಡಬಹುದು. ಲಟ್ಟಿಸಿದ ಹಿಟ್ಟಿನ ಮೇಲೆ ಬಟ್ಟಲು ಒತ್ತಿ ನಿಪ್ಪಟ್ಟು ಕತ್ತರಿಸುವಾಗ, ಮೊದಲೇ ಕತ್ತರಿಸಿದ ಜಾಗದ ಮೇಲೆ ಬಟ್ಟಲು ತುಸು ಹಾಯ್ದರೆ ಏನಾಗುತ್ತದೆ? ಒಂದು ಪಕ್ಕ ಬಿಲ್ಲಿನಂತೆ ಕಚ್ಚಿಹೋದ ನಿಪ್ಪಟ್ಟು ಸಿಗುತ್ತದೆ. ಲೋಹದ ಪಟ್ಟಿ ಸಾಕಷ್ಟು ಮುಂದೆ ಸರಿಯದಿದ್ದರೆ ಬಿಲ್ಲೆಗೂ ಇದೇ ಗತಿ. ಇದಕ್ಕೆ ‘ಕ್ಲಿಪ್’ ಎನ್ನುತ್ತಾರೆ. ಪಟ್ಟಿಯ ಕೊನೆಗೆ ಹಾಯ್ದರೆ ಕಡಿತ ನೇರವಾಗಿರುತ್ತದೆ. ಇದನ್ನು ಅರದಿಂದ ಉಜ್ಜಿ ಮಾಡುವುದು ಬಹಳ ಸುಲಭ. ಮೇಳಗಳಲ್ಲಿ ಅಂಥವು ಬೇಕಾದಷ್ಟು ಕಾಣಸಿಗುತ್ತವೆ. ನಿಜವಾದ ಕ್ಲಿಪ್‌ಗೆ ಎರಡು ಸಾಕ್ಷಿಗಳಿವೆ. ಕಡಿತದ ಪಕ್ಕದ ಅಕ್ಷರಗಳು ತುಂಡರಿಸಿದಂತೆ ನಿಲ್ಲದೆ, ಲೋಹ ಖಾಲಿ ಜಾಗದ ಕಡೆಗೆ ಹರಿದದ್ದರಿಂದ ಕೊಂಚ ಎಳೆದಂತೆ, ಮಸುಕಾಗಿ ಮುಗಿಯುತ್ತವೆ. ಎರಡನೆಯದು ಇನ್ನೂ ಗಟ್ಟಿ ಸಾಕ್ಷಿ: ಕಡಿತಕ್ಕೆ ನೇರ ಎದುರಿನ ಅಂಚು ಸಪ್ಪೆಯಾಗಿರುತ್ತದೆ. ಅಂಚು ಏರಿಸುವ ಯಂತ್ರ ಬಿಲ್ಲೆಯನ್ನು ಎರಡೂ ಕಡೆಯಿಂದ ಒತ್ತಿ ಉರುಳಿಸುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಸಿಗದು. ಬ್ಲೇಕ್ಸ್ಲಿ ಪರಿಣಾಮ ಎಂದು ಇದಕ್ಕೆ ಹೆಸರು. ಅರ ಹಿಡಿದು ಕೂತವನಿಗೆ ನಾಣ್ಯದ ಆಚೆ ಬದಿಯ ನೆನಪೇ ಇರುವುದಿಲ್ಲ.

ಒಂದು ನಾಣ್ಯದ ಬಿಲ್ಲೆ ಇನ್ನೊಂದರ ಅಚ್ಚಿಗೆ ಹೋಗಿ ಬೀಳುವುದೂ ಉಂಟು. ಜಗತ್ತಿನ ಅತಿ ಹೆಸರಾದ ಉದಾಹರಣೆ ಅಮೆರಿಕದ 1943ರ ಒಂದು ಸೆಂಟ್. ಮಹಾಯುದ್ಧಕ್ಕೆ ತಾಮ್ರ ಬೇಕಾಗಿ ಆ ವರ್ಷ ಅಲ್ಲಿ ಸೆಂಟನ್ನು ಸತುವು ಲೇಪಿಸಿದ ಉಕ್ಕಿನಲ್ಲಿ ಒತ್ತಿದರು. ಹಿಂದಿನ ವರ್ಷದ ಕೆಲವು ತಾಮ್ರದ ಬಿಲ್ಲೆಗಳು ಯಂತ್ರದಲ್ಲೇ ಉಳಿದಿದ್ದು ಅವೂ 1943ರ ಅಚ್ಚಿಗೆ ಸಿಕ್ಕವು. ಇಂದಿಗೂ ಆ ತಾಮ್ರದ ಸೆಂಟಿಗೆ ದೊಡ್ಡ ಬೆಲೆಯಿದೆ. ಉಕ್ಕಿನ ಸೆಂಟಿಗೆ ತಾಮ್ರ ಲೇಪಿಸಿದ ನಕಲಿಗಳೂ ದೊಡ್ಡ ಸಂಖ್ಯೆಯಲ್ಲಿವೆ. ಒಂದು ಅಯಸ್ಕಾಂತ ಸಾಕು, ಉಕ್ಕು ಅಂಟಿಕೊಂಡುಬಿಡುತ್ತದೆ. ಅದೇ ಯುದ್ಧ, ಅದೇ ಲೋಹದ ಅಭಾವ ಭಾರತದಲ್ಲಿ ತೂತು ಕಾಸನ್ನು ತಂದಿತು. 1943ರಿಂದ 1947ರವರೆಗಿನ ಕಂಚಿನ ಪೈಸೆಯ ನಡುವಿನ ರಂಧ್ರ ದೋಷವಲ್ಲ, ವಿನ್ಯಾಸವೇ ಹಾಗೆ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ತೂತು ಕಾಸನ್ನು ‘ಮಿಂಟ್ ಎರರ್’ ಎಂದು ಮಾರಲು ಹೊರಡುವವರು ಇಂದಿಗೂ ಇದ್ದಾರೆ.

ನಮ್ಮ ನಾಣ್ಯಗಳಲ್ಲಿ ಬಿಲ್ಲೆ ಬದಲಾಗಿದೆಯೇ ಎಂದು ತಿಳಿಯಲು ತೂಕ ಮತ್ತು ಅಳತೆ ಗೊತ್ತಿರಬೇಕು. 2011ರಲ್ಲಿ ಬಂದ ಸರಣಿಯ ಒಂದು ರೂಪಾಯಿ 22 ಮಿಲಿಮೀಟರ್ ಅಗಲ, 3.79 ಗ್ರಾಂ ತೂಕ. ಎರಡು ರೂಪಾಯಿ 25 ಮಿಲಿಮೀಟರ್, 4.85 ಗ್ರಾಂ. ಎರಡು ರೂಪಾಯಿಯ ಅಚ್ಚಿಗೆ ಒಂದು ರೂಪಾಯಿಯ ಬಿಲ್ಲೆ ಸಿಕ್ಕಿದ್ದರೆ ತೂಕ ಒಂದು ರೂಪಾಯಿಯದೇ ಇರಬೇಕು ಮತ್ತು ಚಿತ್ರ ಅಂಚಿನಲ್ಲಿ ಪೂರ್ತಿಯಾಗದೆ ಹೊರಗೆ ಹರಿದುಹೋಗಿರಬೇಕು. ಇದರ ತಿರುವುಮುರುವು ನಡೆಯುವುದು ಕಷ್ಟ, ಏಕೆಂದರೆ ದೊಡ್ಡ ಬಿಲ್ಲೆ ಚಿಕ್ಕ ಬಳೆಯೊಳಗೆ ಇಳಿಯುವುದಿಲ್ಲ. ತೂಕದಲ್ಲಿ ತುಸು ಏರುಪೇರಿಗೆ ನಿಯಮದಲ್ಲೇ ಅವಕಾಶವಿದೆ. ಚಲಾವಣೆಯಲ್ಲಿ ಸವೆದೂ ತೂಕ ಇಳಿಯುತ್ತದೆ. ಆದ್ದರಿಂದ ಕೂದಲೆಳೆಯ ವ್ಯತ್ಯಾಸ ಕಂಡು ಕುಣಿಯುವ ಅಗತ್ಯವಿಲ್ಲ. ಐದು ರೂಪಾಯಿಯ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಹಳೆಯ ದಪ್ಪ ತಾಮ್ರ-ನಿಕ್ಕಲ್ ನಾಣ್ಯ 9 ಗ್ರಾಂ. 2007ರ ಸುಮಾರಿಗೆ ಬಂದ ತೆಳು ಸ್ಟೀಲಿನದು 6 ಗ್ರಾಂ. 2009ರಿಂದ ಬಂದ ಹಳದಿ ಬಣ್ಣದ್ದೂ 6 ಗ್ರಾಂ. ಮೂರೂ ಸರಿಯಾದ ನಾಣ್ಯಗಳೇ.

ಅಚ್ಚಿನ ದೋಷಗಳನ್ನು ಓದಲು ಒಂದು ಸೂತ್ರ ನೆನಪಿರಲಿ: ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗಿ ಬರುತ್ತದೆ. ಸಾವಿರ ಸಾವಿರ ಏಟು ತಿಂದ ಅಚ್ಚು ಬಿರುಕು ಬಿಟ್ಟರೆ, ಆ ಬಿರುಕಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಸಣ್ಣ ಉಬ್ಬುಗೆರೆ ಏಳುತ್ತದೆ. ಅಚ್ಚಿನ ಅಂಚೇ ಚೂರಾಗಿ ಉದುರಿದರೆ ಅಲ್ಲಿ ಚಿತ್ರವಿಲ್ಲದ ಲೋಹದ ಮುದ್ದೆ ನಿಲ್ಲುತ್ತದೆ, ಅದರ ಬೆನ್ನ ಕಡೆಯ ಚಿತ್ರವೂ ಅಷ್ಟು ಭಾಗ ಮಸುಕಾಗುತ್ತದೆ. ಅದೇ, ನಾಣ್ಯದಲ್ಲಿರುವುದು ತಗ್ಗಿದ ಗೀರಾದರೆ ಬಹುಪಾಲು ಅದು ಕೀಲಿಗೊಂಚಲಿನ ಜೊತೆ ಜೇಬಿನಲ್ಲಿ ಓಡಾಡಿದ್ದರ ಫಲ. ಭೂತಗನ್ನಡಿಯಲ್ಲಿ ಗೆರೆ ಉಬ್ಬೋ ತಗ್ಗೋ ಎಂದು ನೋಡುವ ಅಭ್ಯಾಸವೊಂದೇ ಮುಕ್ಕಾಲು ಪಾಲು ಭ್ರಮೆಗಳನ್ನು ಕಳೆಯುತ್ತದೆ.

ಅಕ್ಷರ ಮಾಯವಾದ ನಾಣ್ಯಗಳು ಹಲವರಲ್ಲಿರುತ್ತವೆ. ಅಚ್ಚಿನ ಕುಳಿಗಳಲ್ಲಿ ಗ್ರೀಸೂ ಲೋಹದ ಪುಡಿಯೂ ತುಂಬಿಕೊಂಡರೆ ಅಷ್ಟು ಅಕ್ಷರ ಮೂಡುವುದಿಲ್ಲ. ದೋಷ ನಿಜ, ಬೆಲೆ ಮಾತ್ರ ಅಷ್ಟಕ್ಕಷ್ಟೆ. ಉಜ್ಜಿ ಅಳಿಸಿದ್ದಾದರೆ ಆ ಜಾಗದಲ್ಲಿ ಒಂದೇ ದಿಕ್ಕಿನ ಸಣ್ಣ ಗೀರುಗಳು ಕಾಣುತ್ತವೆ. ಗ್ರೀಸಿನ ಕೆಲಸವಾದರೆ ಸುತ್ತಲಿನ ಮೈಯಷ್ಟೇ ನಯವಾಗಿರುತ್ತದೆ.

ಇಮ್ಮಡಿಯಾಗಿ ಕಾಣುವ ಅಕ್ಷರಗಳದು ಬೇರೆ ಕಥೆ. ಅಚ್ಚು ತಯಾರಿಸುವಾಗಲೇ ಚಿತ್ರ ಎರಡು ಸಲ, ತುಸು ಸರಿದು ಬಿದ್ದಿದ್ದರೆ ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅಕ್ಷರ ಜೋಡಿಯಾಗುತ್ತದೆ. ಅಮೆರಿಕದ 1955ರ ಸೆಂಟ್ ಇದಕ್ಕೆ ಪಾಠದಂಥ ಉದಾಹರಣೆ. ಇಸವಿಯ ಅಂಕಿಗಳು ಬರಿಗಣ್ಣಿಗೇ ಎರಡೆರಡು ಕಾಣುತ್ತವೆ. ಆದರೆ ಒತ್ತುವ ಗಳಿಗೆಯಲ್ಲಿ ಅಚ್ಚು ಅಲುಗಿದರೂ ಜೋಡಿ ನೆರಳು ಬರುತ್ತದೆ, ಅದಕ್ಕೆ ಅಷ್ಟು ಮಹತ್ವವಿಲ್ಲ. ಅಲುಗಾಟದಲ್ಲಿ ಅಕ್ಷರದ ಪಕ್ಕ ಚಪ್ಪಟೆಯಾದ ಮೆಟ್ಟಿಲೊಂದು ಮೂಡಿ ಮೂಲ ಅಕ್ಷರವೇ ಸಣಕಲಾಗುತ್ತದೆ. ನಿಜವಾದ ಜೋಡಿ ಅಚ್ಚಿನಲ್ಲಿ ಎರಡನೆಯ ಅಕ್ಷರವೂ ದುಂಡಾಗಿ ಉಬ್ಬಿರುತ್ತದೆ, ಒಟ್ಟು ಅಕ್ಷರ ಅಗಲವಾಗುತ್ತದೆ, ತುದಿಗಳಲ್ಲಿ ಸೀಳು ಕಾಣುತ್ತದೆ.

ಮನೆಯಲ್ಲೇ ಸುಲಭವಾಗಿ ಪರೀಕ್ಷಿಸಬಹುದಾದದ್ದು ತಿರುಗಿದ ಅಚ್ಚು. ನಾಣ್ಯದ ನೆತ್ತಿಯನ್ನೂ ಬುಡವನ್ನೂ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಸಿಂಹಗಳನ್ನು ನೆಟ್ಟಗೆ ನಿಲ್ಲಿಸಿ, ಪಕ್ಕಕ್ಕೆ ತಿರುಗಿಸಿ. ನಮ್ಮ ಇಂದಿನ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೇ ಬರಬೇಕು. ಓರೆಯಾದರೆ ಅಚ್ಚು ತಿರುಗಿದೆ. ಸ್ವಲ್ಪ ಓರೆ ಸಾಮಾನ್ಯ. ಅಡ್ಡಕ್ಕೆ ಅಥವಾ ಪೂರ್ತಿ ತಲೆಕೆಳಗಾಗಿದ್ದರೆ ಸಂಗ್ರಾಹಕರು ಕೇಳಿ ಪಡೆಯುತ್ತಾರೆ. ಆದರೆ ಅಮೆರಿಕದ ನಾಣ್ಯ ಹಿಡಿದು ಇದೇ ಪರೀಕ್ಷೆ ಮಾಡಬಾರದು, ಅಲ್ಲಿ ಹಿಂಬದಿ ತಲೆಕೆಳಗಾಗಿರುವುದೇ ಪದ್ಧತಿ.

ಜೊತೆಯಾಗಬಾರದ ಎರಡು ಅಚ್ಚುಗಳು ಜೊತೆಯಾದರೆ ‘ಮ್ಯೂಲ್’ ಹುಟ್ಟುತ್ತದೆ. 2008ರಲ್ಲಿ ಬ್ರಿಟನ್ ತನ್ನ ನಾಣ್ಯಗಳ ಹಿಂಬದಿಯನ್ನು ಮ್ಯಾಥ್ಯೂ ಡೆಂಟ್ ಅವರ ಹೊಸ ವಿನ್ಯಾಸಕ್ಕೆ ಬದಲಿಸಿತು. ಇಪ್ಪತ್ತು ಪೆನ್ಸ್ ನಾಣ್ಯದಲ್ಲಿ ಅದುವರೆಗೆ ಹಿಂಬದಿಯಲ್ಲಿದ್ದ ಇಸವಿ ರಾಣಿಯ ಬದಿಗೆ ಹೋಗಬೇಕಿತ್ತು. ಒಂದಷ್ಟು ನಾಣ್ಯಗಳಿಗೆ ಹಳೆಯ ರಾಣಿಯ ಅಚ್ಚನ್ನೂ ಹೊಸ ಹಿಂಬದಿಯ ಅಚ್ಚನ್ನೂ ಕೂಡಿಸಿದರು. ಫಲ, ಇಸವಿಯೇ ಇಲ್ಲದ ಇಪ್ಪತ್ತು ಪೆನ್ಸ್. ತಪ್ಪನ್ನು ರಾಯಲ್ ಮಿಂಟೇ ಒಪ್ಪಿಕೊಂಡಿತು. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ತಮ್ಮ ಚಿಲ್ಲರೆಯನ್ನು ಈ ಒಂದು ಕಾರಣಕ್ಕಾದರೂ ತಿರುವಿ ನೋಡಬಹುದು.

ಇನ್ನು ಏಟಿನ ದೋಷಗಳು. ಸಂಗ್ರಾಹಕರ ಕಣ್ಣು ಅರಳುವುದು ಇಲ್ಲೇ. ಬಿಲ್ಲೆ ನಡುವಿನಲ್ಲಿ ಕೂರದೆ ಪಕ್ಕಕ್ಕೆ ಸರಿದು ಏಟು ತಿಂದರೆ ಒಂದು ಕಡೆ ಬಾಲಚಂದ್ರನಷ್ಟು ಖಾಲಿ ಉಳಿಯುತ್ತದೆ. ಬಳೆ ಏಳದೆ ಏಟು ಬಿದ್ದರೆ ಚಿತ್ರ ನಡುವಿನಲ್ಲೇ ಇದ್ದರೂ ನಾಣ್ಯ ಅಗಲವಾಗಿ ಹರಡಿ ಅಂಚಿನ ಗೀರುಗಳೆಲ್ಲ ಇಲ್ಲವಾಗುತ್ತವೆ. ಸರಿದ ನಾಣ್ಯದಲ್ಲಿ ಇಸವಿ ಪೂರ್ತಿ ಉಳಿದಿದ್ದರೆ ಬೆಲೆ ಹೆಚ್ಚು.

ಎಲ್ಲಕ್ಕಿಂತ ಸೋಜಿಗದ್ದು ಬ್ರೋಕೇಜ್. ನಮ್ಮ ನಾಣ್ಯ ಮಾರುಕಟ್ಟೆಯಲ್ಲಿ ಇದಕ್ಕೆ ‘ಲಖಿ’ ಎಂಬ ಹೆಸರೂ ಇದೆ. ಒತ್ತಿದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡು ಕೂತುಬಿಡುತ್ತದೆ. ಮುಂದಿನ ಬಿಲ್ಲೆ ಬಂದಾಗ ಆ ಬದಿಯಿಂದ ಅದಕ್ಕೆ ತಾಗುವುದು ಅಚ್ಚಲ್ಲ, ಅಂಟಿಕೊಂಡ ನಾಣ್ಯದ ಮುಖ. ಅಂಟಿಕೊಂಡದ್ದು ಬೆಲೆಯ ಬದಿಯ ಅಚ್ಚಿಗಾದರೆ ಹೊಸ ನಾಣ್ಯದ ಒಂದು ಕಡೆ ಸಿಂಹಗಳು ಸರಿಯಾಗಿ ಉಬ್ಬಿ ಬರುತ್ತವೆ, ಇನ್ನೊಂದು ಕಡೆ ಅವೇ ಸಿಂಹಗಳು ಕನ್ನಡಿಯಲ್ಲಿ ಕಂಡಂತೆ ತಿರುವಾಗಿ, ತಗ್ಗಾಗಿ ಮೂಡುತ್ತವೆ. ಬೆಲೆ ಬರೆದ ಬದಿಯೇ ಇರುವುದಿಲ್ಲ. ಮೊದಲ ಏಟಿನದು ಚೊಕ್ಕವಾಗಿರುತ್ತದೆ. ಏಟು ಹೆಚ್ಚಿದಂತೆ ಅಂಟಿಕೊಂಡ ನಾಣ್ಯ ಹರಡಿ ತಗ್ಗಿನ ಚಿತ್ರ ಹಿಗ್ಗುತ್ತ ಮಸುಕಾಗುತ್ತದೆ.

ಬ್ರೋಕೇಜಿಗೆ ಬೇಡಿಕೆ ಇರುವುದರಿಂದಲೇ ವೈಸ್‌ನಲ್ಲಿ ಎರಡು ನಾಣ್ಯಗಳನ್ನು ಬಿಗಿದು ಒತ್ತಿ ನಕಲಿ ತಯಾರಿಸುತ್ತಾರೆ. ಅಲ್ಲೂ ಒಂದರ ಮುಖ ಇನ್ನೊಂದರ ಮೇಲೆ ತಿರುವಾಗಿ ತಗ್ಗಾಗುತ್ತದೆ. ವ್ಯತ್ಯಾಸ ಎರಡು ಕಡೆ ಸಿಕ್ಕಿಬೀಳುತ್ತದೆ. ನಕಲಿಯಲ್ಲಿ ತಗ್ಗಿದ ಚಿತ್ರದ ಅಡಿಯಲ್ಲಿ ಮೊದಲಿದ್ದ ಅಂಕಿ, ಅಕ್ಷರಗಳ ಅವಶೇಷ ಉಳಿದಿರುತ್ತದೆ. ಹಿಂಬದಿಯ ಉಬ್ಬುಗಳು ಒತ್ತಡಕ್ಕೆ ಅಪ್ಪಚ್ಚಿಯಾಗಿ ಹೊಳೆಯುತ್ತಿರುತ್ತವೆ. ಯಂತ್ರದಲ್ಲಿ ಹುಟ್ಟಿದ ಬ್ರೋಕೇಜಿನ ಸರಿಯಾದ ಬದಿ ಹೊಸ ನಾಣ್ಯದಷ್ಟೇ ಚುರುಕಾಗಿರುತ್ತದೆ.

ಎರಡೂ ಕಡೆ ಒಂದೇ ಮುಖವಿರುವ ನಾಣ್ಯ ಎಂದೊಡನೆ ನೆನಪಾಗುವುದು ನಮ್ಮ ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಣಗೊಂಡ ‘ಶೋಲೆ’. ಅದರಲ್ಲಿ ಜೈ ಚಿಮ್ಮುವ ನಾಣ್ಯಕ್ಕೆ ಎರಡೂ ಕಡೆ ಒಂದೇ ಮುಖ. ಕೈಗೆ ಬರುವ ಇಂಥ ನಾಣ್ಯಗಳು ಬಹುತೇಕ ಲೇತ್ ಯಂತ್ರದ ಸೃಷ್ಟಿ: ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು, ಇನ್ನೊಂದನ್ನು ಸವೆಸಿ ಅದರೊಳಗೆ ಕೂರಿಸುತ್ತಾರೆ. ಅಂಚಿನ ಒಳಬದಿಯಲ್ಲಿ ಸುತ್ತಲೂ ಓಡುವ ಕೂದಲೆಳೆಯ ಸೇರುಗೆರೆ ಕಾಣುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ಸದ್ದೂ ಮಂಕು.

ಎರಡು ಲೋಹದ ನಾಣ್ಯಗಳು ಬಂದ ಮೇಲೆ ಮೋಸಕ್ಕೆ ಹೊಸ ದಾರಿ ಸಿಕ್ಕಿತು. ಹತ್ತು ರೂಪಾಯಿಗೆ ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. 12 ಮೂಲೆಗಳ ಇಪ್ಪತ್ತು ರೂಪಾಯಿಗೆ ಇದರ ತಿರುವು, ಹೊರಗೆ ಬಿಳಿ, ಒಳಗೆ ಹಳದಿ. ಎರಡೂ ಲೋಹಗಳು ಬೆಸೆದುಕೊಳ್ಳುವುದು ಏಟಿನ ಗಳಿಗೆಯಲ್ಲೇ. ನಡುವಿನ ಬಿಲ್ಲೆಯಿಲ್ಲದೆ ಬಳೆ ಮಾತ್ರ ಏಟು ತಿಂದಿದ್ದರೆ ಲೋಹ ಖಾಲಿ ಜಾಗಕ್ಕೆ ಹರಿದು ಒಳ ಅಂಚು ಬಾಗಿರುತ್ತದೆ. ಸುತ್ತಿಗೆಯಿಂದ ನಡುವನ್ನು ಹೊಡೆದು ಕೆಡವಿದ್ದಾದರೆ ಒಳ ಅಂಚು ನೇರವಾಗಿದ್ದು, ಹಿಂದೆ ಬಿಲ್ಲೆ ಕೂತಿದ್ದ ಕುರುಹು ಇರುತ್ತದೆ. ಹತ್ತು ರೂಪಾಯಿಯ ಬೇರೆ ಬೇರೆ ವಿನ್ಯಾಸಗಳು ಮಾತ್ರ ದೋಷವೂ ಅಲ್ಲ, ಖೋಟಾ ಕೂಡ ಅಲ್ಲ. ಅಂಗಡಿಗಳಲ್ಲಿ ಅವನ್ನು ಬೇಡವೆಂದು ತಳ್ಳುತ್ತಿದ್ದ ಕಾಲದಲ್ಲಿ, 2018ರ ಜನವರಿಯಲ್ಲಿ, ರಿಸರ್ವ್ ಬ್ಯಾಂಕ್ ಅದುವರೆಗೆ ಬಂದ 14 ವಿನ್ಯಾಸಗಳೂ ಸಿಂಧು ಎಂದು ಪ್ರಕಟಣೆ ಕೊಟ್ಟಿತು. ರೂಪಾಯಿ ಚಿಹ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ವಿನ್ಯಾಸದ ಎಡವಟ್ಟನ್ನೂ ಟಂಕಸಾಲೆಯ ದೋಷದೊಡನೆ ಬೆರೆಸಬಾರದು. 1911ರಲ್ಲಿ ಬಂದ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಆಕ್ಷೇಪ ಎದ್ದು, ನಾಣ್ಯಗಳನ್ನು ಹಿಂತೆಗೆದುಕೊಂಡು, 1912ರಿಂದ ಆನೆಯನ್ನು ತಿದ್ದಿ ಒತ್ತಿದರು. ‘ಪಿಗ್ ರುಪೀ’ ಎಂದೇ ಅದು ಇಂದಿಗೂ ಹೆಸರಾಗಿದೆ. ಆದರೆ ಯಂತ್ರ ಅಲ್ಲಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಕರ್ನಾಟಕದ ಹಳೆಯ ನಾಣ್ಯಗಳ ಮುಂದೆ ಈ ಲೆಕ್ಕಗಳನ್ನೆಲ್ಲ ಪಕ್ಕಕ್ಕಿಡಬೇಕು. ಅವು ಕೈಯಿಂದ ಸುತ್ತಿಗೆಯೇಟು ಕೊಟ್ಟು ಮಾಡಿದವು. ಬಿಲ್ಲೆಗಿಂತ ಅಚ್ಚು ದೊಡ್ಡದಾಗಿರುವುದೂ ಉಂಟು. ಹಾಗಾಗಿ ವಿಜಯನಗರದ ಪುಟ್ಟ ವರಾಹದಲ್ಲಿ ರಾಜನ ಹೆಸರಿನ ಒಂದೆರಡು ಅಕ್ಷರ ಹೊರಗುಳಿಯುವುದು, ಟಿಪ್ಪುವಿನ ಆನೆ ಪೈಸೆಯಲ್ಲಿ ಸೊಂಡಿಲೋ ಬಾಲವೋ ಕಡಿದುಹೋಗುವುದು ಸಹಜ. ಪಕ್ಕಕ್ಕೆ ಸರಿದ ಚಿತ್ರ ಅಲ್ಲಿ ನಿಯಮವೇ ಹೊರತು ದೋಷವಲ್ಲ. ಟಿಪ್ಪುವಿನ ನಾಣ್ಯಗಳಲ್ಲಿ ಇನ್ನೊಂದು ತೊಡಕಿದೆ: ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1225 ಎಂಬುದು 5221 ಎಂದು ಕಂಡರೆ ಅಚ್ಚು ಕೊರೆದವನ ಪ್ರಮಾದವಲ್ಲ, ದೊರೆಯ ಅಪ್ಪಣೆ.

ಬೇಕಾಗುವ ಸಲಕರಣೆ ಹೆಚ್ಚಿಲ್ಲ. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿ, ಒಂದು ಕ್ಯಾಲಿಪರ್, ಒಂದು ಅಯಸ್ಕಾಂತ. ಇವಕ್ಕಿಂತ ಉಪಯೋಗದ್ದು ಅದೇ ವರ್ಷದ, ಅದೇ ಟಂಕಸಾಲೆಯ ಸರಿಯಾದ ಇನ್ನೊಂದು ನಾಣ್ಯ. ಪಕ್ಕಪಕ್ಕ ಇಟ್ಟು ನೋಡಿದಾಗ ಕಣ್ಣು ತಾನೇ ಕಲಿಯುತ್ತದೆ. ಮಾಡಬಾರದ ಕೆಲಸ ತೊಳೆಯುವುದು. ಹುಣಸೆಹುಳಿ, ಸಬೀನಾ, ನಿಂಬೆರಸ ಯಾವುದೂ ಬೇಡ. ತಿಕ್ಕಿ ಬೆಳಗಿದ ನಾಣ್ಯ ತನ್ನ ಮೂಲ ಮೈಯನ್ನು ಕಳೆದುಕೊಳ್ಳುತ್ತದೆ, ದೋಷ ನಿಜವೇ ಎಂದು ಹೇಳುವ ಸಾಕ್ಷಿಯೂ ಅಳಿಸಿಹೋಗುತ್ತದೆ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಕಾಸಿನ ಸರಕ್ಕೆ ಬೆಸುಗೆ ಹಾಕಿದ್ದು, ವಾಷರ್ ಮಾಡಲು ಕೊರೆದದ್ದು ಇವೆಲ್ಲ ಗಾಯಗಳೇ, ಎಷ್ಟೇ ವಿಚಿತ್ರವಾಗಿ ಕಂಡರೂ. ನಾಣ್ಯವನ್ನು ಕರಗಿಸುವುದು, ನಾಶಮಾಡುವುದು 2011ರ ನಾಣ್ಯ ಕಾಯ್ದೆಯಡಿ ಏಳು ವರ್ಷದವರೆಗೆ ಸೆರೆವಾಸ ತರಬಲ್ಲ ಅಪರಾಧವೆಂಬುದೂ ತಿಳಿದಿರಲಿ.

ಬೆಲೆಯ ವಿಷಯದಲ್ಲಿ ಸಿದ್ಧ ಪಟ್ಟಿ ಎಂಬುದಿಲ್ಲ. ದೋಷ ಬರಿಗಣ್ಣಿಗೆ ಎಷ್ಟು ಎದ್ದು ಕಾಣುತ್ತದೆ, ನಾಣ್ಯ ಎಷ್ಟು ಕೆಡದೆ ಉಳಿದಿದೆ, ಅಂಥವು ಎಷ್ಟು ಸಿಗುತ್ತವೆ ಎಂಬುದರ ಮೇಲೆ ಕೊಳ್ಳುವವರು ಕಟ್ಟುತ್ತಾರೆ. ಸಣ್ಣ ಬಿರುಕುಗೆರೆಗೆ ಮುಖಬೆಲೆಗಿಂತ ಹೆಚ್ಚೇನೂ ಬಾರದು. ಚೊಕ್ಕ ಬ್ರೋಕೇಜಿಗೆ, ಬೇರೆ ಲೋಹದ ಬಿಲ್ಲೆಗೆ ಒಳ್ಳೆಯ ಬೆಲೆ ಬರುತ್ತದೆ. 2012ರಲ್ಲಿ ಬಂದ ವೈಷ್ಣೋದೇವಿಯ ನಾಣ್ಯ ಮನೆಯಲ್ಲಿದ್ದರೆ ಲಕ್ಷ ಕೊಡುತ್ತೇವೆಂಬ ಜಾಹೀರಾತುಗಳನ್ನು ನಂಬಬೇಡಿ, ಅದು ಸಾಮಾನ್ಯ ಸ್ಮಾರಕ ನಾಣ್ಯ. ಇಂಥ ವ್ಯವಹಾರಗಳಲ್ಲಿ ತನ್ನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ನೀಡಿದೆ. ತಾನು ಇಂಥ ವಹಿವಾಟು ನಡೆಸುವುದಿಲ್ಲ ಎಂದೂ ಹೇಳಿದೆ. ನೂರು ವರ್ಷ ದಾಟಿದ ನಾಣ್ಯಗಳನ್ನು ವಿದೇಶದಲ್ಲಿರುವ ನೆಂಟರಿಗೆ ಕಳಿಸುವ ಯೋಚನೆಯೂ ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅವು ಪ್ರಾಚ್ಯವಸ್ತುಗಳು.

ಕೈಗೊಂದು ವಿಚಿತ್ರ ನಾಣ್ಯ ಸಿಕ್ಕರೆ ತೂಗಿ, ಅಳೆದು, ಎರಡೂ ಬದಿಯನ್ನೂ ಅಂಚನ್ನೂ ಫೋಟೊ ತೆಗೆದಿಡಿ. ಯಾವ ಹಂತದ ತಪ್ಪು ಎಂದು ನಿಮಗನಿಸಿದ್ದನ್ನು ಒಂದು ಚೀಟಿಯಲ್ಲಿ ಬರೆದು, ನಾಣ್ಯದ ಜೊತೆ ಮುಂದಿನ ನಾಣ್ಯ ಮೇಳಕ್ಕೆ ಒಯ್ಯಿರಿ. ಒಬ್ಬರ ಮಾತಿಗೆ ನಿಲ್ಲದೆ ಎರಡು ಮೂರು ಅನುಭವಿ ಸಂಗ್ರಾಹಕರಿಗೆ ತೋರಿಸಿ. ಮಾರಿಕೊಡುತ್ತೇನೆಂದು ಮುಂಗಡ ಹಣ ಕೇಳಿದವರಿಗೆ ಮಾತ್ರ ಒಂದು ಪೈಸೆಯನ್ನೂ ಕೊಡಬೇಡಿ.